ನಿಲ್ದಾಣ, ತಂಗುದಾಣ ಮತ್ತು ದಾಟುವ ಜಾಗ

ಕನ್ನಡದಲ್ಲಿ ಬಸ್ಸು ನಿಲ್ಲುವ ಜಾಗಕ್ಕೆ ಎರಡು ಹೆಸರುಗಳಿವೆ. ಒಂದು ನಿಲ್ದಾಣ, ಇನ್ನೊಂದು ತಂಗುದಾಣ. ‘ನಿಲ್’, ‘ತಂಗು’ ಎಂಬ ಧಾತುಗಳ ಮುಂದೆ ‘ತಾಣ’ ಬಂದು ಸೇರಿದಾಗ ತಕಾರಕ್ಕೆ ದಕಾರವು ಆದೇಶವಾಗಿ ಬರುತ್ತದೆಂದು ತರಗತಿಯಲ್ಲಿ ಹಲವು ವರ್ಷಗಳಿಂದ ಪಾಠ ಮಾಡುತ್ತ ಬಂದಿದ್ದೇನೆ. ಸಂಧಿಯ ದೃಷ್ಟಿಯಿಂದ ಎರಡೂ ಒಂದೇ ಬಗೆಯ ಪದಗಳು. ಅರ್ಥದ ದೃಷ್ಟಿಯಿಂದ ಹಾಗಲ್ಲ. ನಿಲ್ಲುವುದು ವಾಹನ, ತಂಗುವುದು ಮನುಷ್ಯ. ನಿಲ್ದಾಣವೆನ್ನುವಾಗ ನಮ್ಮ ಕಣ್ಣು ಬಸ್ಸಿನ ಮೇಲಿರುತ್ತದೆ. ತಂಗುದಾಣವೆನ್ನುವಾಗ ಕೈಚೀಲ ಹಿಡಿದು ಕಾಯುತ್ತಿರುವವರ ಮೇಲಿರುತ್ತದೆ. ಭಾಷೆ ಇಷ್ಟು ಸ್ಪಷ್ಟವಾಗಿ ಬೇರ್ಪಡಿಸಿ ಹೇಳಿರುವ ಈ ಎರಡು ಸಂಗತಿಗಳನ್ನು ರಸ್ತೆಯ ಬದಿಯಲ್ಲಿ ಮತ್ತೆ ಒಂದುಗೂಡಿಸುವುದು ಎಷ್ಟು ಕಷ್ಟವೆಂಬುದು ನಮ್ಮ ಊರಿನವರು ಒಂದು ಮನವಿ ಬರೆದುಕೊಡಿ ಎಂದು ಕೇಳಿದಾಗ ನನಗೆ ಅರಿವಿಗೆ ಬಂತು.

ನಮ್ಮ ಊರು ಆಲೂರು ಮತ್ತು ಸಕಲೇಶಪುರಗಳ ನಡುವಿನ ಗುಡ್ಡಗಳಲ್ಲಿ, ಬೆಂಗಳೂರು–ಮಂಗಳೂರು ಹೆದ್ದಾರಿಗೆ ಅಂಟಿಕೊಂಡಿದೆ. ಊರಿನ ಹೆಸರನ್ನು ಹೇಳಬೇಕಾದ ಅಗತ್ಯವಿಲ್ಲ. ಇಲ್ಲಿ ಬರೆಯುತ್ತಿರುವುದು ಪಾಳ್ಯದಿಂದ ದೋಣಿಗಾಲ್‌ವರೆಗೆ ಈ ಹಾದಿಯ ಅಂಚಿನಲ್ಲಿರುವ ಯಾವ ಊರಿಗಾದರೂ ಹೊಂದುವ ಮಾತು. ಬಸ್ಸಿನ ಕಿಟಕಿಯಿಂದ ಹೊರಗೆ ನೋಡುತ್ತ ಹೋದವರು ಒಂದು ದೃಶ್ಯವನ್ನು ಗಮನಿಸಿರಬಹುದು. ತಂಗುದಾಣ ಒಂದು ಕಡೆ ಇರುತ್ತದೆ. ಜನ ಇನ್ನೊಂದು ಕಡೆ ನಿಂತಿರುತ್ತಾರೆ. ಕಟ್ಟಡದ ನೆತ್ತಿಯಲ್ಲಿ ಅನುದಾನ ಕೊಟ್ಟವರ ಹೆಸರು, ಒಳಗೆ ಮಳೆಗೆ ಆಶ್ರಯ ಪಡೆದ ಆಡುಗಳು, ಗೋಡೆಯ ಮೇಲೆ ಸಿಮೆಂಟಿನ ಜಾಹೀರಾತು. ಮನುಷ್ಯರು ಮಾತ್ರ ನೂರಿನ್ನೂರು ಹೆಜ್ಜೆ ಆಚೆ, ಅರಳಿಮರದ ಬುಡದಲ್ಲೋ ಚಹದ ಅಂಗಡಿಯ ಮುಂದೋ ಕೊಡೆ ಹಿಡಿದು ನಿಂತಿರುತ್ತಾರೆ. ಏಕೆಂದರೆ ಬಸ್ಸು ನಿಲ್ಲುವುದು ಅಲ್ಲಿ. ಕಟ್ಟುವವರು ಸರ್ಕಾರಿ ಜಾಗ ಸಿಕ್ಕ ಕಡೆ ಕಟ್ಟಿದರು, ಚಾಲಕರು ಅಭ್ಯಾಸದ ಕಡೆ ನಿಲ್ಲಿಸಿದರು, ಜನ ಬಸ್ಸನ್ನು ಹಿಂಬಾಲಿಸಿದರು.

ಹಿಂದಿನವರು ಈ ವಿಷಯದಲ್ಲಿ ಹೆಚ್ಚು ಎಚ್ಚರದಿಂದಿದ್ದರೆಂದು ತೋರುತ್ತದೆ. ನಮ್ಮ ಶಾಸನಗಳಲ್ಲಿ ದಾನಭೂಮಿಯ ಎಲ್ಲೆಗಳನ್ನು ಹೇಳುವಾಗ ‘ಪೆರ್ಬಟ್ಟೆ’ ಎಂಬ ಮಾತು ಬರುತ್ತದೆ. ಬಟ್ಟೆ ಎಂದರೆ ದಾರಿ. ಪೆರ್ಬಟ್ಟೆ ಎಂದರೆ ಇಂದಿನ ಹೆದ್ದಾರಿ. ದಾರಿಹೋಕರಿಗೆ ನೀರು ಕೊಡುವ ಅರವಟ್ಟಿಗೆಗಳಿಗೆ ಭೂಮಿ ಬಿಟ್ಟ ಉಲ್ಲೇಖಗಳೂ ಸಾಕಷ್ಟು ಸಿಗುತ್ತವೆ. ಬಿಸಿಲಿನಲ್ಲಿ ನಡೆದವನಿಗೆ ದಣಿವಾಗುವ ಕಡೆ ಅರವಟ್ಟಿಗೆ ಇರಬೇಕು. ಬೇರೆ ಕಡೆ ಇಟ್ಟರೆ ಅದರಿಂದ ಪುಣ್ಯವೂ ಇಲ್ಲ, ಪ್ರಯೋಜನವೂ ಇಲ್ಲ. ಹಳೆಯ ಕಾಲುದಾರಿಗಳಲ್ಲಿ ಕಾಣುವ ಹೊರೆ ಇಳಿಸುವ ಕಲ್ಲುಗಳದೂ ಇದೇ ಕಥೆ. ಎರಡು ಕಂಬಗಳ ಮೇಲೆ ಅಡ್ಡ ಇಟ್ಟ ಕಲ್ಲು ತಲೆಹೊರೆಯ ಎತ್ತರಕ್ಕೆ ಇರುತ್ತದೆ, ಇನ್ನೊಬ್ಬರ ನೆರವಿಲ್ಲದೆ ಹೊರೆಯನ್ನು ಅದರ ಮೇಲೆ ಜಾರಿಸಬಹುದು. ಅದನ್ನು ನೆಡಿಸಿದವರು ನಡೆಯುವವನ ಕತ್ತಿನ ಎತ್ತರವನ್ನೂ ಅವನ ಉಸಿರು ಕಟ್ಟುವ ಜಾಗವನ್ನೂ ಬಲ್ಲವರಾಗಿದ್ದರು. ಅಳತೆಗೋಲು ನಡೆಯುವವನ ದೇಹವೇ ಆಗಿತ್ತು.

ಮೋಟಾರು ಬಂದ ಮೇಲೆ ಅಳತೆಗೋಲು ಬದಲಾಯಿತು. 1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 120 ಬಸ್ಸುಗಳೊಡನೆ ಆರಂಭವಾಯಿತು. 1961ರಲ್ಲಿ ಅದು ನಿಗಮವಾಯಿತು. ನನ್ನ ಬಾಲ್ಯದ ಹೊತ್ತಿಗೆ ರಸ್ತೆಯ ಬದಿಯಲ್ಲಿ ‘ಕೋರಿಕೆ ನಿಲುಗಡೆ’ ಎಂಬ ಫಲಕಗಳು ಕಾಣುತ್ತಿದ್ದವು. ಎಷ್ಟು ಸೊಗಸಾದ ಮಾತು! ಕೈ ಚಾಚಿ ಕೋರಿದರೆ ಬಸ್ಸು ನಿಲ್ಲುತ್ತದೆ. ಆಗ ರಸ್ತೆ ಕಿರಿದಾಗಿತ್ತು, ಬಸ್ಸುಗಳು ನಿಧಾನವಾಗಿದ್ದವು, ಒಂದು ಬಸ್ಸು ಹೋದರೆ ಇನ್ನೊಂದು ವಾಹನ ಬರುವಷ್ಟರಲ್ಲಿ ರಸ್ತೆಯ ನಡುವೆ ನಿಂತು ಕುಶಲ ವಿಚಾರಿಸಬಹುದಿತ್ತು. ನಿಲ್ದಾಣ ಎಲ್ಲಿದ್ದರೂ ನಡೆಯುತ್ತಿತ್ತು. ಆಗ ರಸ್ತೆಯೂ ಊರಿನ ಅಂಗಳದ ಒಂದು ಭಾಗವೇ ಆಗಿತ್ತು.

ಈಗ ಹಾಗಿಲ್ಲ. ಹಿಂದೆ 48 ಎಂಬ ಸಂಖ್ಯೆಯಿದ್ದು ಈಗ 75 ಆಗಿರುವ ಈ ರಾಷ್ಟ್ರೀಯ ಹೆದ್ದಾರಿಯನ್ನು ಹಾಸನದಿಂದ ಮಾರನಹಳ್ಳಿಯವರೆಗೆ, ಸುಮಾರು 45 ಕಿಲೋಮೀಟರು ಉದ್ದಕ್ಕೆ ನಾಲ್ಕು ಪಥವಾಗಿಸುವ ಕೆಲಸ ಕಳೆದ ದಶಕದ ಉತ್ತರಾರ್ಧದಲ್ಲಿ ಆರಂಭವಾಯಿತು. ಕೆಲಸ ಕುಂಟುತ್ತ ಸಾಗಿದ ವರ್ಷಗಳ ಕೆಸರು, ಧೂಳುಗಳನ್ನು ಇಲ್ಲಿನವರು ಮರೆತಿಲ್ಲ. ಆದರೆ ರಸ್ತೆ ಅಗಲವಾದದ್ದು ನಮಗೆ ಬೇಡವಾದ ಸಂಗತಿಯೇನಲ್ಲ. ಹಾಸನದ ಆಸ್ಪತ್ರೆಗೆ ಬೇಗ ಮುಟ್ಟುತ್ತೇವೆ. ಕಾಫಿ, ಮೆಣಸು, ಶುಂಠಿ ಸಾಗಿಸುವವರಿಗೆ ಅನುಕೂಲವಾಗಿದೆ. ತೊಡಕಿರುವುದು ಉದ್ದಕ್ಕೆ ಹೋಗುವವರಿಗಲ್ಲ, ಅಡ್ಡಕ್ಕೆ ಹೋಗುವವರಿಗೆ. ರಸ್ತೆ ಎಷ್ಟು ಅಗಲವಾದರೆ ಉದ್ದಕ್ಕೆ ಹೋಗುವವನ ದಾರಿ ಅಷ್ಟು ಚಿಕ್ಕದಾಗುತ್ತದೆ, ಅಡ್ಡಕ್ಕೆ ಹೋಗುವವನ ದಾರಿ ಅಷ್ಟು ದೊಡ್ಡದಾಗುತ್ತದೆ.

ಇದರ ಜೊತೆಗೆ ಮಂಜು. 1792ರ ವೇಳೆಗೆ ಟಿಪ್ಪು ಸುಲ್ತಾನ ದೋಣಿಗಾಲ್ ಬಳಿಯ ಗುಡ್ಡದ ಮೇಲೆ ನಕ್ಷತ್ರದ ಆಕಾರದ ಕೋಟೆಯನ್ನು ಕಟ್ಟಿಸಿದಾಗ, ಸುತ್ತಲೂ ಕವಿದಿದ್ದ ಮಂಜನ್ನು ಕಂಡು ಮಂಜರಾಬಾದ್ ಎಂದು ಹೆಸರಿಟ್ಟನೆಂಬ ಪ್ರತೀತಿಯಿದೆ. ಸಕಲೇಶಪುರ ತಾಲ್ಲೂಕನ್ನೇ ಬಹುಕಾಲ ಮಂಜರಾಬಾದ್ ತಾಲ್ಲೂಕೆಂದು ಕರೆಯುತ್ತಿದ್ದರು. ಹೆಸರಿನಲ್ಲೇ ಮಂಜನ್ನು ಹೊತ್ತ ಸೀಮೆಯಿದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಆಮೇಲೆ ಬೆಳಗಿನ ಮಂಜು. ಬೇರೆ ಕಡೆ ಕಣ್ಣಿಗೆ ಕಾಣುವ ದೂರವನ್ನು ನಕ್ಷೆಯಲ್ಲಿ ಅಳೆಯಬಹುದು. ಇಲ್ಲಿ ಅದನ್ನು ಋತುಮಾನಕ್ಕೆ ತಕ್ಕಂತೆ ಅಳೆಯಬೇಕು.

ನಮ್ಮ ಊರಿನ ನೆಲವನ್ನು ಓದುಗರು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಲಿ. ಹೆದ್ದಾರಿ ಪೂರ್ವ-ಪಶ್ಚಿಮವಾಗಿ ಸಾಗುತ್ತದೆ. ಊರು, ಶಾಲೆ, ಪಂಚಾಯಿತಿ ಕಚೇರಿ ಉತ್ತರಕ್ಕಿವೆ. ದಕ್ಷಿಣಕ್ಕೆ ಕಾಫಿ ತೋಟಗಳು, ಕೂಲಿಯವರ ಲೈನ್ ಮನೆಗಳು. ಒಳಗಿನ ಹಳ್ಳಿಗಳಿಂದ ಬರುವ ರಸ್ತೆ ಹೆದ್ದಾರಿಯನ್ನು ಕೂಡುವಲ್ಲಿ ಅರಳಿಕಟ್ಟೆಯಿದೆ. ಅದಕ್ಕೆ ಎಲ್ಲರೂ ಕ್ರಾಸ್ ಎನ್ನುತ್ತಾರೆ. ಕ್ರಾಸಿನಿಂದ ಹಾಸನದ ಕಡೆಗೆ ಹೊರಟರೆ ರಸ್ತೆ ಕೂಡಲೇ ತಿರುಗಿ ಹಳ್ಳದ ಸೇತುವೆಗೆ ಇಳಿಯುತ್ತದೆ. ಸಕಲೇಶಪುರದ ಕಡೆಗೆ ಸುಮಾರು ನಾನೂರು ಮೀಟರು ನೇರ ರಸ್ತೆ. ಅದರ ತುದಿಯಲ್ಲಿ ತೋಟದ ಬೇಲಿ ಮುರಿದಿರುವ ಜಾಗವೊಂದಿದೆ. ಆನೆಗಳು ದಾಟುವುದು ಅಲ್ಲಿ.

ಬಸ್ಸು ಮೊದಲಿನಿಂದಲೂ ಅರಳಿಕಟ್ಟೆಯ ಬಳಿ ನಿಲ್ಲುತ್ತಿತ್ತು. ಕಳೆದ ಮಳೆಗಾಲದ ಒಂದು ಸಂಜೆ ಅಲ್ಲಿ ಬಸ್ಸಿನಿಂದಿಳಿದ ಕಾಲೇಜು ಹುಡುಗಿಯೊಬ್ಬಳು ನಿಂತಿದ್ದ ಬಸ್ಸಿನ ಮುಂದಿನಿಂದ ರಸ್ತೆ ದಾಟುವಾಗ, ತಿರುವಿನಿಂದ ಬಂದ ಕಾರೊಂದು ಬಡಿದು ಕಾಲು ಮುರಿಯಿತು. ಜೀವ ಉಳಿಯಿತು, ಒಂದು ವರ್ಷದ ಓದು ಹೋಯಿತು. ಆ ಬಳಿಕ ನಿಲ್ದಾಣವನ್ನು ಬೇರೆಡೆಗೆ ಒಯ್ಯಬೇಕೆಂಬ ಮಾತು ಹುಟ್ಟಿತು, ಎಲ್ಲಿಗೆ ಎಂಬ ಜಗಳವೂ ಹುಟ್ಟಿತು. ಕಟ್ಟೆಯ ಬಳಿಯೇ ಇರಲಿ, ಒಳಗಿನ ಹಳ್ಳಿಯವರಿಗೆ ಅದೇ ಹತ್ತಿರ ಎಂದರು ಕೆಲವರು, ಅಂಗಡಿಗಳಿರುವುದೂ ಅಲ್ಲಿಯೇ. ನೇರ ರಸ್ತೆಯ ಆ ತುದಿಗೆ ಹೋಗಲಿ, ಅಲ್ಲಿ ಎರಡೂ ಕಡೆ ಚೆನ್ನಾಗಿ ಕಾಣುತ್ತದೆ, ತೋಟದವರು ಜಾಗವನ್ನೂ ಕೊಡುತ್ತಾರೆ ಎಂದರು ಇನ್ನು ಕೆಲವರು. ಶಾಲೆಯ ಎದುರಿಗೇ ಇರಲಿ ಎಂದವರೂ ಇದ್ದರು.

ಗ್ರಾಮಸಭೆಯಲ್ಲಿ ಈ ಮೂರು ಪಕ್ಷಗಳ ವಾದ ಎರಡು ಗಂಟೆ ನಡೆಯಿತು. ಕನ್ನಡ ಮೇಷ್ಟ್ರಾದ್ದರಿಂದ ಮನವಿ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಯಾವ ಪಕ್ಷ ಗೆಲ್ಲುತ್ತದೋ ಅದರ ಹೆಸರು ಬರೆದುಕೊಳ್ಳಲು ಕಾಗದ ಹಿಡಿದು ಕುಳಿತಿದ್ದೆ. ಲೈನ್ ಮನೆಯಿಂದ ಬಂದಿದ್ದ ಹಿರಿಯ ಹೆಂಗಸೊಬ್ಬರು ಕೊನೆಯಲ್ಲಿ ಎದ್ದು ನಿಂತರು. “ಬಸ್ಸು ಎಲ್ಲಿ ನಿಂತ್ರೂ ನಮಗೆ ಒಂದೇ ಮೇಷ್ಟ್ರೇ. ಇಳಿದ ಮೇಲೆ ಈ ಕಡೆಯಿಂದ ಆ ಕಡೆಗೆ ಹೋಗೋದು ಹೆಂಗೆ ಅನ್ನೋದನ್ನ ಯಾರೂ ಹೇಳ್ತಿಲ್ವಲ್ಲ” ಎಂದರು. ಸಭೆಯಲ್ಲಿ ಯಾರ ಬಳಿಯೂ ಅದಕ್ಕೆ ಉತ್ತರವಿರಲಿಲ್ಲ. “ಹೌದಮ್ಮ, ಅದನ್ನೇ ಮೊದಲು ಬರೆಯಬೇಕು” ಎಂದೆ.

ಅವರ ಪ್ರಶ್ನೆಯಲ್ಲಿ ಇಡೀ ಸಮಸ್ಯೆ ಅಡಗಿತ್ತು. ನಮ್ಮಲ್ಲಿ ವಾಹನಗಳು ರಸ್ತೆಯ ಎಡಭಾಗದಲ್ಲಿ ಸಾಗುತ್ತವೆ. ಹಾಸನಕ್ಕೆ ಹೋಗುವ ಬಸ್ಸು ಊರಿನ ಬದಿಯಲ್ಲೇ ನಿಲ್ಲುತ್ತದೆ; ವಿದ್ಯಾರ್ಥಿಗಳು ಬೆಳಗ್ಗೆ ರಸ್ತೆ ದಾಟದೆಯೇ ಹತ್ತುತ್ತಾರೆ. ಸಂಜೆ ಹಾಸನದಿಂದ ಬರುವ ಬಸ್ಸು ಅವರನ್ನು ತೋಟದ ಬದಿಯಲ್ಲಿ ಇಳಿಸುತ್ತದೆ. ಲೈನ್ ಮನೆಯವರು ಸಕಲೇಶಪುರದ ಕ್ರಾಫರ್ಡ್ ಆಸ್ಪತ್ರೆಗೋ ಸಂತೆಗೋ ಹೋದರೆ ಅವರಿಗೂ ಇದೇ ಗತಿ, ದಿಕ್ಕು ಮಾತ್ರ ಬೇರೆ. ಹೋಗುವಾಗ ದಾಟದವರು ಬರುವಾಗ ದಾಟಬೇಕು. ಬರುವಾಗ ದಾಟದವರು ಹೋಗುವಾಗ ದಾಟಬೇಕು. ಬಸ್ಸಿನಲ್ಲಿ ಹೋಗಿಬರುವ ಪ್ರತಿಯೊಬ್ಬರೂ ದಿನಕ್ಕೆ ಒಮ್ಮೆ ಹೆದ್ದಾರಿಯನ್ನು ದಾಟಿಯೇ ತೀರಬೇಕು. ಹೆಚ್ಚಿನವರು ದಾಟುವುದು ಸಂಜೆ: ಬೆಳಕು ಕುಂದಿರುವಾಗ, ಮೈ ದಣಿದಿರುವಾಗ, ಕೈಯಲ್ಲಿ ಸಾಮಾನಿರುವಾಗ. 2023ರ ಜೂನ್ 11ರಿಂದ ಮಹಿಳೆಯರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ ಬಂದ ಮೇಲೆ ಹಿಂದೆ ನಡೆದೋ ಆಟೋದಲ್ಲೋ ಹೋಗುತ್ತಿದ್ದ ಹೆಂಗಸರು ಬಸ್ಸು ಹಿಡಿಯುತ್ತಿದ್ದಾರೆ. ಟಿಕೆಟ್ಟಿಗೆ ಹಣ ಕೊಡಬೇಕಾಗಿಲ್ಲ, ಆದರೆ ರಸ್ತೆ ದಾಟುವ ಅಪಾಯ ಮೊದಲಿನಂತೆಯೇ ಇದೆ.

ಮಾರನೆಯ ಭಾನುವಾರ ಊರಿನ ಇಬ್ಬರು ವಿದ್ಯಾರ್ಥಿಗಳೊಡನೆ ಟೇಪು ಹಿಡಿದು ರಸ್ತೆಯ ಬದಿಯಲ್ಲಿ ನಡೆದೆ. ನನ್ನದು ಸಾಹಿತ್ಯದ ಓದು. ಆದರೂ ಇಲ್ಲಿ ಬೇಕಾದ ಗಣಿತ ಪ್ರಾಥಮಿಕ ಶಾಲೆಯದು. ಗಂಟೆಗೆ 80 ಕಿಲೋಮೀಟರು ವೇಗದ ವಾಹನ ಒಂದು ಸೆಕೆಂಡಿಗೆ 22 ಮೀಟರು ಸಾಗುತ್ತದೆ. ಎರಡು ಪಥಗಳ ಅಗಲ ಸಾಮಾನ್ಯವಾಗಿ 7 ಮೀಟರು. ಸೆಕೆಂಡಿಗೆ ಒಂದು ಮೀಟರು ನಡೆಯುವವರು ಅದನ್ನು ದಾಟಿ ಡಿವೈಡರು ಮುಟ್ಟಲು 7 ಸೆಕೆಂಡು ಬೇಕು. ಅಷ್ಟರಲ್ಲಿ ಆ ವಾಹನ 155 ಮೀಟರು ಬಂದಿರುತ್ತದೆ. ಮಂಡಿನೋವಿನ ಅಜ್ಜಿಗೆ 9 ಸೆಕೆಂಡಾದರೂ ಬೇಕು. ವಾಹನ 200 ಮೀಟರು ಬಂದಿರುತ್ತದೆ. ಅಂದರೆ ಆಕೆ ಹೆಜ್ಜೆಯಿಡುವಾಗ ಇನ್ನೂರು ಮೀಟರು ದೂರದವರೆಗೆ ರಸ್ತೆ ಬರಿದಾಗಿ ಕಾಣಬೇಕು. ಅರಳಿಕಟ್ಟೆಯ ಬಳಿ ತಿರುವಿನ ಕಡೆಗೆ ಕಾಣುವುದು ಅದರ ಕಾಲುಭಾಗವೂ ಅಲ್ಲ. ಅಲ್ಲಿ ದಾಟುವವರು ನೋಡಿ ದಾಟುವುದಿಲ್ಲ, ಸದ್ದು ಕೇಳಿ ದಾಟುತ್ತಾರೆ.

ಚಾಲಕನ ಕಡೆಯಿಂದಲೂ ಲೆಕ್ಕ ಹಾಕಬಹುದು. ಎದುರಿಗೆ ಏನೋ ಇದೆ ಎಂದು ಕಂಡು, ತಿಳಿದು, ಬ್ರೇಕ್ ಒತ್ತುವಷ್ಟರಲ್ಲಿ ಎರಡೂವರೆ ಸೆಕೆಂಡು ಕಳೆಯುತ್ತದೆಂದು ರಸ್ತೆ ಎಂಜಿನಿಯರುಗಳು ಎಣಿಸುತ್ತಾರೆ. 80ರ ವೇಗದಲ್ಲಿ ಬ್ರೇಕ್ ಹಿಡಿಯುವ ಮೊದಲೇ 55 ಮೀಟರು ಸಾಗಿಯಾಯಿತು. ಪೂರ್ತಿ ನಿಲ್ಲಲು ಅವರು ಇಟ್ಟುಕೊಂಡಿರುವ ಅಳತೆ 120 ಮೀಟರು. ವೇಗ 50ಕ್ಕೆ ಇಳಿದರೆ 60 ಮೀಟರು ಸಾಕು. ಅಜ್ಜಿಯ 9 ಸೆಕೆಂಡುಗಳಲ್ಲಿ 50ರ ವೇಗದ ವಾಹನ ಬರುವುದು 125 ಮೀಟರು ಮಾತ್ರ. ವೇಗ ತಗ್ಗಿದ ಕೂಡಲೇ ರಸ್ತೆ ಚಿಕ್ಕದಾದಂತೆ, ಕಣ್ಣು ಚುರುಕಾದಂತೆ, ಮಂಡಿ ಗಟ್ಟಿಯಾದಂತೆ.

1934ರಲ್ಲಿ ಸ್ಥಾಪನೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಎಂಬ ಸಂಸ್ಥೆ ರಸ್ತೆ ಕಟ್ಟುವವರಿಗೆ ಮಾರ್ಗಸೂಚಿಗಳನ್ನು ಪ್ರಕಟಿಸುತ್ತದೆ. ಊರಾಚೆಯ ಹೆದ್ದಾರಿಗಳಲ್ಲಿ ಬಸ್ ನಿಲ್ದಾಣ ಎಲ್ಲಿರಬೇಕೆಂಬುದಕ್ಕೇ ಅದರದೊಂದು ಪುಸ್ತಿಕೆಯಿದೆ. ಕ್ರಮಸಂಖ್ಯೆ 80, ವರ್ಷ 1981. ನಿಲ್ದಾಣ ಕೂಡುರಸ್ತೆಗೆ ತೀರ ಹತ್ತಿರ ಇರಬಾರದು, 300 ಮೀಟರು ದೂರವಿದ್ದರೆ ಒಳ್ಳೆಯದು, ಹಳ್ಳಿಯ ದಾರಿ ಕೂಡುವಂಥ ಸಣ್ಣ ಕ್ರಾಸುಗಳಲ್ಲಿ 60 ಮೀಟರಾದರೂ ಇರಲಿ ಎನ್ನುತ್ತದೆ ಅದು. ಗುಡ್ಡಗಾಡಿನಲ್ಲಿ ಎರಡೂ ಕಡೆ ರಸ್ತೆ ನೇರವಾಗಿರುವ, ಏರಿಳಿತ ಕಡಮೆಯಿರುವ, ಸಾಮಾನ್ಯವಾಗಿ 50 ಮೀಟರಿಗೆ ಕಡಮೆಯಿಲ್ಲದಂತೆ ಕಣ್ಣಿಗೆ ಕಾಣುವ ಜಾಗ ಹುಡುಕಿ ಎನ್ನುತ್ತದೆ. ವಿವೇಕದ ಮಾತುಗಳು. ಆದರೆ ಈ ಐವತ್ತು ಮೀಟರು ಬಸ್ಸುಗಳು ಏದುಸಿರು ಬಿಡುತ್ತ ಗುಡ್ಡ ಹತ್ತುತ್ತಿದ್ದ ಕಾಲದ ಗುಡ್ಡದ ರಸ್ತೆಗೆ ಹೊಂದುವ ಅಳತೆ. ಅದೇ ಗುಡ್ಡದಲ್ಲಿ ರಸ್ತೆಯನ್ನು ಬಯಲುಸೀಮೆಯ ವೇಗಕ್ಕೆ ಅಗಲಿಸಿದ ಮೇಲೆ ಐವತ್ತು ಮೀಟರು ಏತಕ್ಕೂ ಸಾಲದು. ಒಂದು ಅಳತೆಯನ್ನು ಹಿಗ್ಗಿಸಿ ಇನ್ನೊಂದನ್ನು ಹಾಗೆಯೇ ಉಳಿಸಿಕೊಂಡರೆ ನಡುವಿನ ಕೊರತೆಯನ್ನು ತುಂಬಬೇಕಾದವರು ನಡೆಯುವವರು.

ಹಾಗಾದರೆ ನೇರ ರಸ್ತೆಯ ತುದಿಯ ಜಾಗವೇ ಸರಿಯಲ್ಲವೆ? ಚಾಲಕನ ಕಣ್ಣಿನಿಂದ ನೋಡಿದರೆ ಸರಿ. ಆದರೆ ಅದು ಮನೆಗಳಿಂದ ದೂರ, ಬೇಲಿಯ ಪಕ್ಕ, ಆನೆಯ ದಾರಿ. ಆಲೂರು-ಸಕಲೇಶಪುರ ಭಾಗದಲ್ಲಿ ಆನೆಯೆಂಬುದು ಕವಿಸಮಯವಲ್ಲ. ಉಚ್ಚ ನ್ಯಾಯಾಲಯದ ಸೂಚನೆಯಂತೆ ರಚಿತವಾದ ಕರ್ನಾಟಕ ಆನೆ ಕಾರ್ಯಪಡೆ 2012ರಲ್ಲಿ ವರದಿ ಕೊಟ್ಟಿತು. ಅದರ ಬೆನ್ನಿಗೆ ಆಲೂರು ಭಾಗದಿಂದ ಇಪ್ಪತ್ತಕ್ಕೂ ಹೆಚ್ಚು ಆನೆಗಳನ್ನು ಹಿಡಿದು ಸಾಗಿಸಿದ್ದೂ ಆಯಿತು. ಹಾಗಿದ್ದೂ ತೋಟಗಳಲ್ಲಿ ಆನೆಗಳಿವೆ. ಆನೆ ಎಲ್ಲಿದೆಯೆಂಬ ಸಂದೇಶ ಮೊಬೈಲಿಗೆ ಬಂದ ಮೇಲೆ ಮನೆಯಿಂದ ಹೊರಡುವುದು ಇಲ್ಲಿನ ಕೂಲಿಯವರಿಗೆ ರೂಢಿಯಾಗಿದೆ. ಬೆಳಗಿನ ಆರೂವರೆಯ ಬಸ್ಸಿಗೆ ನಾನೂರು ಮೀಟರು ಆ ಬೇಲಿಯ ಗುಂಟ ಒಂಟಿಯಾಗಿ ಹೋಗಿ ನಿಲ್ಲು ಎಂದು ಹದಿನಾರರ ಹುಡುಗಿಗೆ ಹೇಳುವವರು ಯಾರು? ಆನೆಯಿಲ್ಲದ ದಿನವೂ ನಿರ್ಜನ ಜಾಗ ಹೆಣ್ಣುಮಕ್ಕಳಿಗೆ ನಿರ್ಭಯವಾದ ಜಾಗವಲ್ಲ. ಅಲ್ಲಿ ನಿಲ್ದಾಣ ಕಟ್ಟಿದರೆ ಅದೂ ಆಡುಗಳ ಆಶ್ರಯವಾಗುತ್ತದೆ; ಜನ ಮತ್ತೆ ಅರಳಿಕಟ್ಟೆಗೇ ಬರುತ್ತಾರೆ, ಬಸ್ಸಿಗೆ ಕೈ ಚಾಚುತ್ತಾರೆ. ಜನರು ಒಪ್ಪದ ಸುರಕ್ಷಿತ ಜಾಗ ಸುರಕ್ಷಿತ ಜಾಗವಲ್ಲ. ಶಾಲೆಯ ಎದುರಿನ ಜಾಗಕ್ಕೂ ಒಂದು ತೊಡಕಿದೆ: ಬಸ್ಸು ನಿಂತಾಗ ಅದರ ಹಿಂದೆ ಮುಂದೆ ಓಡಾಡುವ ಸಣ್ಣ ಮಕ್ಕಳು ಚಾಲಕನ ಕಣ್ಣಿಗೆ ಬೀಳುವುದಿಲ್ಲ.

ಇಲ್ಲಿ ಒಂದು ಹಳೆಯ ಆಚಾರದ ಮಾತು ನೆನಪಾಗುತ್ತದೆ. ಜೈನ ಮುನಿಗಳಿಗೆ ವಿಧಿಸಿರುವ ಐದು ಸಮಿತಿಗಳಲ್ಲಿ ಮೊದಲನೆಯದು ಈರ್ಯಾಸಮಿತಿ. ಹಗಲಿನ ಬೆಳಕಿನಲ್ಲಿ, ಮುಂದಿನ ನಾಲ್ಕು ಮೊಳ ನೆಲವನ್ನು ನೋಡುತ್ತ, ಕಾಲಡಿಯಲ್ಲಿ ಯಾವ ಜೀವಿಗೂ ಹಾನಿಯಾಗದಂತೆ ನಡೆಯಬೇಕೆಂಬುದು ಅದರ ತಾತ್ಪರ್ಯ. ಇದನ್ನು ಮುನಿಧರ್ಮದ ಒಂದು ಕಟ್ಟಳೆಯೆಂದಷ್ಟೇ ಓದಿದರೆ ಅದರ ತರ್ಕ ಕಣ್ತಪ್ಪುತ್ತದೆ. ಅಲ್ಲಿ ಎಚ್ಚರದ ಹೊಣೆ ಹೊತ್ತವನು ನಡೆಯುವವನು, ಇರುವೆಯಲ್ಲ. ಯಾರ ಚಲನೆಯಿಂದ ಇನ್ನೊಬ್ಬರ ಪ್ರಾಣಕ್ಕೆ ಕುತ್ತು ಬರಬಹುದೋ ಅವನೇ ನೋಡಿಕೊಂಡು ಹೋಗಬೇಕು. ಹೆದ್ದಾರಿಯಲ್ಲಿ ನಾವು ಇದನ್ನು ತಲೆಕೆಳಗು ಮಾಡಿದ್ದೇವೆ. ‘ನೋಡಿಕೊಂಡು ದಾಟಬಾರದೆ?’ ಎಂದು ನಡೆಯುವವರನ್ನೇ ಗದರಿಸುತ್ತೇವೆ. 2022ರಲ್ಲಿ ನಮ್ಮ ದೇಶದ ರಸ್ತೆ ಅಪಘಾತಗಳಲ್ಲಿ ತೀರಿಕೊಂಡವರು 1,68,491 ಮಂದಿ. ಅವರಲ್ಲಿ 32,825 ಮಂದಿ ಪಾದಚಾರಿಗಳೆಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಇಷ್ಟು ಜನರೂ ನೋಡದೆ ದಾಟಿದವರೆಂದು ನಂಬುವುದು ಕಷ್ಟ. ನೋಡಿದರೂ ಕಾಣದ ಜಾಗದಲ್ಲಿ ದಾಟಬೇಕಾಗಿ ಬಂದವರು ಅವರಲ್ಲಿ ಎಷ್ಟೋ ಮಂದಿ ಇರಬೇಕು.

ಆದ್ದರಿಂದ ಪ್ರಶ್ನೆಯ ಕ್ರಮವನ್ನೇ ಬದಲಿಸಬೇಕಾಯಿತು. ಬಸ್ಸು ಎಲ್ಲಿ ನಿಲ್ಲಬೇಕೆಂದು ಕೇಳಿದರೆ ಮೂರು ಉತ್ತರ, ಮೂರು ಪಕ್ಷ. ಜನ ಎಲ್ಲಿ ದಾಟಬೇಕೆಂದು ಕೇಳಿದರೆ ಬಹುಮಟ್ಟಿಗೆ ಒಂದೇ ಉತ್ತರ. ನಾವು ಅಳೆದು ನೋಡಿದಂತೆ ಕಟ್ಟೆಯಿಂದ ಸಕಲೇಶಪುರದ ಕಡೆಗೆ ನೂರೈವತ್ತು ಮೀಟರಿಗೆ ತುಸು ಹೆಚ್ಚು ದೂರ ಹೋದರೆ ತಿರುವಿನವರೆಗೂ ರಸ್ತೆ ಕಾಣುತ್ತದೆ, ಇನ್ನೊಂದು ಕಡೆ ಇನ್ನೂರು ಮೀಟರಿಗೂ ಮಿಗಿಲಾಗಿ ಕಾಣುತ್ತದೆ, ಕೊನೆಯ ಮನೆಗಳ ದೀಪವೂ ಹತ್ತಿರವೇ ಇರುತ್ತದೆ. ಎಂಬತ್ತರ ವೇಗಕ್ಕೆ ಅದೂ ಸಾಲದು; ಐವತ್ತರ ವೇಗಕ್ಕೆ ಧಾರಾಳ ಸಾಕು. ದಾಟುವ ಜಾಗ ಗೊತ್ತಾದ ಮೇಲೆ ನಿಲ್ಲುವ ಜಾಗಗಳು ತಾವಾಗಿ ಒದಗುತ್ತವೆ. ಬಸ್ಸು ಆ ಜಾಗವನ್ನು ದಾಟಿ ಮುಂದೆ ಹೋಗಿ ನಿಲ್ಲಬೇಕು. ಆಗ ಇಳಿದವರು ಬಸ್ಸಿನ ಹಿಂದಿನಿಂದ ಬಂದು ದಾಟುತ್ತಾರೆ. ಬರುವ ವಾಹನ ಅವರಿಗೆ ಕಾಣುತ್ತದೆ, ವಾಹನಕ್ಕೆ ಅವರು ಕಾಣುತ್ತಾರೆ. ಬಸ್ಸಿನ ಮುಂದಿನಿಂದ ದಾಟಿದ್ದೇ ಆ ಹುಡುಗಿಯ ಕಾಲು ಮುರಿಯಲು ಕಾರಣವಾಗಿತ್ತು. ಹಾಗೆ ಮಾಡಿದರೆ ಹಾಸನದ ಕಡೆಯ ನಿಲ್ದಾಣ ಕ್ರಾಸಿನಿಂದ ನೂರು ಮೀಟರಿನಷ್ಟು ದೂರಕ್ಕೆ, ಸಕಲೇಶಪುರದ ಕಡೆಯದು ದಾಟುವ ಜಾಗದ ಇನ್ನೊಂದು ಬದಿಗೆ ಬರುತ್ತದೆ. ಎರಡೂ ಎದುರುಬದುರಾಗಿರುವುದಿಲ್ಲ; ನಡುವೆ ದಾಟುವ ಪಟ್ಟಿ. ಮಾರ್ಗಸೂಚಿಯ ಅರವತ್ತು ಮೀಟರಿಗೂ ಇದು ಹೊಂದುತ್ತದೆ, ಆನೆಯ ದಾರಿಯೂ ದೂರ ಉಳಿಯುತ್ತದೆ.

ಆಕ್ಷೇಪಗಳು ಬಾರದೆ ಇರಲಿಲ್ಲ. ಮೇಲುಸೇತುವೆ ಕಟ್ಟಿಸಿ ಎಂದರು ಒಬ್ಬರು. ಮೇಲುಸೇತುವೆ ಹತ್ತಬೇಕಾದವರು ಯಾರೆಂಬುದನ್ನು ನೋಡಬೇಕು: ಮಂಡಿನೋವಿನವರು, ಮಗುವನ್ನೆತ್ತಿಕೊಂಡವರು, ತಲೆಯ ಮೇಲೆ ರೇಷನ್ ಅಕ್ಕಿ ಇಟ್ಟುಕೊಂಡವರು. ನೆಲದಲ್ಲಿ ಏಳು ಮೀಟರು ನಡೆಯಲು ಕಷ್ಟಪಡುವವರಿಗೆ ಅಷ್ಟೇ ಎತ್ತರ ಹತ್ತಿ ಇಳಿಯಲು ಹೇಳುವುದು ನ್ಯಾಯವಲ್ಲ. ಹಳ್ಳದ ಸೇತುವೆಯ ಕೆಳಗಿನಿಂದ ದಾರಿ ಮಾಡಬಹುದೆಂದರು ಇನ್ನೊಬ್ಬರು. ಮಳೆಗಾಲದ ನಾಲ್ಕು ತಿಂಗಳು ಅಲ್ಲಿ ನೀರಿರುತ್ತದೆ. ಕಟ್ಟೆಯ ಬಳಿಯ ಅಂಗಡಿಯವರ ಆತಂಕ ಮಾತ್ರ ಗಟ್ಟಿಯಾದದ್ದು. “ಬಸ್ಸು ಆಚೆ ಹೋದ್ರೆ ನನ್ನ ವ್ಯಾಪಾರ ಹೋಯ್ತು ಮೇಷ್ಟ್ರೇ” ಎಂದರು ಚಹದ ಅಂಗಡಿಯ ಗೌಡರು. ಅವರ ಮಾತಿನಲ್ಲಿ ಇತಿಹಾಸವಿದೆ. ಈ ಸೀಮೆಯಲ್ಲಿ ಬಾಳ್ಳುಪೇಟೆ, ನೆರೆಯ ಕೊಡಗಿನಲ್ಲಿ ಶನಿವಾರಸಂತೆ. ಹೊಯ್ಸಳರ ಮೂಲಸ್ಥಾನವೆನ್ನುವ ಸೊಸೆವೂರಿನ ಇಂದಿನ ಹೆಸರೇ ಅಂಗಡಿ. ಜನ ನಿಂತ ಕಡೆ ವ್ಯಾಪಾರ, ವ್ಯಾಪಾರವಿದ್ದ ಕಡೆ ಊರು. ಹಾಗಾಗಿ ನಿಲ್ದಾಣದ ಜಾಗವನ್ನು ಗೊತ್ತು ಮಾಡುವುದೆಂದರೆ ಮುಂದಿನ ಐವತ್ತು ವರ್ಷ ಊರು ಯಾವ ಕಡೆಗೆ ಬೆಳೆಯಬೇಕೆಂದು ಗೊತ್ತು ಮಾಡಿದಂತೆ. ಹೊಸ ನಿಲ್ದಾಣದ ಬಳಿ ಪಂಚಾಯಿತಿ ಕಟ್ಟುವ ಮಳಿಗೆಯಲ್ಲಿ ಈಗಿನ ಅಂಗಡಿಯವರಿಗೆ ಮೊದಲ ಹಕ್ಕೆಂಬ ನಿರ್ಣಯವಾದ ಮೇಲೆ ಗೌಡರು ಒಪ್ಪಿದರು. ಅವರ ಅಂಗಡಿ ಬಂದರೆ ದೀಪವೂ ಬರುತ್ತದೆ, ಮನುಷ್ಯರೂ ಇರುತ್ತಾರೆ. ಅದು ಬೆಳಗಿನ ಆರೂವರೆಯ ಹುಡುಗಿಗೆ ದೊಡ್ಡ ಕಾವಲು.

1988ರ ಮೋಟಾರು ವಾಹನ ಕಾಯಿದೆಯ 117ನೆಯ ಕಲಮು ವಾಹನಗಳು ನಿಲ್ಲುವ ಸ್ಥಳಗಳನ್ನು ಆಯಾ ಪ್ರದೇಶದ ಸ್ಥಳೀಯ ಸಂಸ್ಥೆಯೊಡನೆ ಸಮಾಲೋಚಿಸಿ ನಿರ್ಧರಿಸುವ ಮಾತನ್ನಾಡುತ್ತದೆ. ಹಳ್ಳಿಯವರು ಮಾತನಾಡಲು ಕಾನೂನಿನಲ್ಲೇ ಎಡೆಯಿದೆ. ಏನು ಮಾತನಾಡಬೇಕೆಂಬುದು ನಮಗೆ ತಿಳಿದಿರಬೇಕು. ನಾವು ಸಾಮಾನ್ಯವಾಗಿ ಬರೆಯುವ ಮನವಿಗಳು ‘ನಮ್ಮ ಗ್ರಾಮಕ್ಕೆ ಸುಸಜ್ಜಿತ ಬಸ್ ತಂಗುದಾಣವನ್ನು ಮಂಜೂರು ಮಾಡಿಕೊಡಬೇಕಾಗಿ’ ಎಂದು ಮುಗಿಯುತ್ತವೆ. ಸುಸಜ್ಜಿತವೆಂಬುದಕ್ಕೆ ಅರ್ಥವನ್ನು ಗುತ್ತಿಗೆದಾರರು ಕೊಡುತ್ತಾರೆ. ಈ ಸಲ ಆ ಪದವನ್ನು ಬಿಟ್ಟು ಬೇಡಿಕೆಗಳನ್ನು ಕ್ರಮವಾಗಿ ಬರೆದೆ. ಮೊದಲನೆಯದು, ಪಾದಚಾರಿಗಳು ದಾಟುವ ಜಾಗವನ್ನು ಗುರುತಿಸಿ, ಡಿವೈಡರಿನಲ್ಲಿ ತೆರಪು ಬಿಟ್ಟು, ಅಲ್ಲಿ ನಾಲ್ಕಾರು ಜನ ನಿಂತು ಕಾಯುವಷ್ಟು ಎಡೆ ಮಾಡುವುದು. ಎರಡನೆಯದು, ಅದಕ್ಕೆ ಮೊದಲೇ ಎರಡೂ ಕಡೆಯಿಂದ ವೇಗವನ್ನು ಐವತ್ತಕ್ಕೆ ಇಳಿಸುವ ಪಟ್ಟಿಗಳು, ಫಲಕಗಳು. ಮೂರನೆಯದು, ಮಂಜಿನಲ್ಲೂ ಕಾಣುವ ದೀಪ. ನಾಲ್ಕನೆಯದು, ಕ್ರಾಸಿನಿಂದ ನಿಲ್ದಾಣದವರೆಗೆ ಡಾಂಬರಿನ ಮೇಲೆ ಕಾಲಿಡದೆ ಹೋಗಬಹುದಾದ ಕಾಲುದಾರಿ. ಐದನೆಯದು, ದಾಟುವ ಜಾಗದ ಆಚೆಗೆ, ಓಡುವ ದಾರಿಯಿಂದ ಒಳಕ್ಕೆ ಸರಿದು ಬಸ್ಸು ನಿಲ್ಲುವ ಎಡೆ. ಚಾವಣಿ ಆರನೆಯದು. ಕಟ್ಟಡ ಮೊದಲು ಬಂದರೆ ಉಳಿದ ಐದೂ ಬಾರದೆ ಹೋಗುತ್ತವೆಂಬ ಅನುಭವ ಎಲ್ಲರಿಗೂ ಇದ್ದುದರಿಂದ ಕ್ರಮಸಂಖ್ಯೆಯನ್ನು ಬದಲಿಸಬೇಡಿ ಎಂದು ಸಭೆಯವರೇ ಒತ್ತಿ ಹೇಳಿದರು.

ಮನವಿಗೆ ಪಂಚಾಯಿತಿಯ ಮುದ್ರೆ ಬಿದ್ದಿದೆ. ಲೈನ್ ಮನೆಯವರದೂ ಸೇರಿ ಸಹಿ, ಹೆಬ್ಬೆಟ್ಟುಗಳು ನಾಲ್ಕು ಪುಟ ತುಂಬಿವೆ. ಸ್ಥಳ ಪರಿಶೀಲನೆಗೆ ಬರುತ್ತೇವೆಂಬ ಉತ್ತರ ಸಂಬಂಧಪಟ್ಟ ಕಚೇರಿಯಿಂದ ಬಂದಿದೆ. ನಮ್ಮ ಕಡೆಯಿಂದ ಅವರಿಗೆ ಇನ್ನೊಂದು ಸಾಲು ಬರೆದು ಕಳಿಸಿದ್ದೇವೆ: ದಯವಿಟ್ಟು ಮಧ್ಯಾಹ್ನ ಜೀಪಿನಲ್ಲಿ ಬರಬೇಡಿ. ಸಂಜೆ ಆರೂಕಾಲಕ್ಕೆ ಹಾಸನದಿಂದ ಬರುವ ಸಾಮಾನ್ಯ ಸಾರಿಗೆ ಬಸ್ಸಿನಲ್ಲಿ ಬನ್ನಿ, ತೋಟದ ಬದಿಯಲ್ಲಿ ಇಳಿಯಿರಿ, ಪಂಚಾಯಿತಿ ಕಚೇರಿ ಎದುರು ಬದಿಯಲ್ಲಿದೆ. ನಾವು ಅಲ್ಲಿ ಕಾದಿರುತ್ತೇವೆ.